ಪಟ ತಿದ್ದುವುದಕ್ಕೊಂದು ಯಂತ್ರ

ಕನ್ನಡ ಪಂಡಿತನಾದವನು ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ನಾಲ್ಕು ಮಾತು ಹೇಳಬೇಕು. ಕಂಪ್ಯೂಟರಿನ ಗೊಡವೆ ಅವನಿಗೇಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ೨೦೨೩ಕ್ಕೆ ಮೊದಲಾಗಿದ್ದರೆ ನಾನೂ ಹಾಗೆಯೇ ಕೇಳುತ್ತಿದ್ದೆ. ಆ ವರ್ಷ ನನ್ನ ಕೈಯಿಂದ ಒಂದು ತಪ್ಪು ನಡೆಯಿತು. ಆ ತಪ್ಪಿನ ಬೆನ್ನು ಹತ್ತಿ ಹೋದವನಿಗೆ ಪರದೆ, ಬಣ್ಣ, ಬೆಳಕು ಇವುಗಳ ಪರಿಚಯ ಅಷ್ಟಿಷ್ಟು ಆಯಿತು. ಮನೆಯ ಹಳೆಯ ಪಟಗಳನ್ನು ತಿದ್ದಿ ತೀಡಿ ಮಕ್ಕಳ ಕೈಗೆ ಕೊಡಬೇಕೆಂದಿರುವವರು, ಹೊಸದಾಗಿ ಕ್ಯಾಮರಾ ಹಿಡಿದವರು, ಈ ಕೆಲಸಕ್ಕೆಂದೇ ಒಂದು ಯಂತ್ರವನ್ನು ಕೊಳ್ಳಹೊರಟವರು ನಾನು ಬಿದ್ದ ಹಳ್ಳಕ್ಕೆ ಬೀಳದಿರಲಿ ಎಂದು ಈ ಮಾತು.

ನಮ್ಮ ಶಾಲೆ ೧೯೪೮ರಲ್ಲಿ ಹುಟ್ಟಿದ್ದು. ಎಪ್ಪತ್ತೈದು ತುಂಬಿದಾಗ ಒಂದು ನೆನಪಿನ ಸಂಪುಟವನ್ನು ತರಬೇಕೆಂದಾಯಿತು. ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನಲ್ಲಿ ಪ್ರತಿ ವರ್ಷದ ತರಗತಿಯ ಪಟಗಳಿದ್ದವು. ಮೊದಲಿನ ಇಪ್ಪತ್ತು ವರ್ಷದವು ಹಳದಿಗಟ್ಟಿ, ಅಂಚು ಗೆದ್ದಲು ತಿಂದು, ಮುಖಗಳು ಮಾಸಿಹೋಗಿದ್ದವು. ಅವನ್ನು ಸ್ಕ್ಯಾನ್ ಮಾಡಿ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಮಗನು ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪು ಮನೆಯಲ್ಲಿತ್ತು. ರಾತ್ರಿ ಊಟವಾದ ಮೇಲೆ ದೀಪವಾರಿಸಿ, ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ಎರಡು ತಿಂಗಳು ಕುಳಿತೆ. ಪರದೆಯ ಮೇಲೆ ಪಟಗಳು ಫಳಫಳ ಹೊಳೆದವು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸಂಪುಟ ಅಚ್ಚಾಗಿ ಬಂತು. ಪಟಗಳೆಲ್ಲ ಕಪ್ಪು. ಉತ್ಸವದ ದಿನ ವೃದ್ಧರೊಬ್ಬರು ೧೯೫೮ರ ಎಸ್.ಎಸ್.ಎಲ್.ಸಿ. ತರಗತಿಯ ಪುಟವನ್ನು ತೆರೆದು, ಕನ್ನಡಕವನ್ನು ಏರಿಸಿ ಇಳಿಸಿ ನೋಡಿ, ನನ್ನ ಬಳಿಗೆ ಬಂದರು. “ಮೇಷ್ಟ್ರೇ, ಇದರಲ್ಲಿ ನಮ್ಮಣ್ಣ ಎಲ್ಲಿ?” ಎಂದರು. ಎರಡನೆಯ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವನು ಎಂದು ಕೆಳಗೆ ಹೆಸರು ಅಚ್ಚಾಗಿತ್ತು. ಹೆಸರಿನ ಮೇಲೆ ಮಸಿಯ ಒಂದು ಮುದ್ದೆ. ಆ ಹುಡುಗ ಮರುವರ್ಷವೇ ಜ್ವರ ಬಂದು ತೀರಿಕೊಂಡನಂತೆ. ಮನೆಯಲ್ಲಿ ಅವನ ಬೇರೆ ಪಟವಿಲ್ಲ. ತಮ್ಮನಾದ ಇವರಿಗೆ ಆಗ ಹತ್ತು ವರ್ಷ; ಈಗ ಎಪ್ಪತ್ತೈದು. ಪಟ ಅಚ್ಚಾಗುತ್ತದೆಂದು ಕೇಳಿ ದೂರದ ಊರಿನಿಂದ ಬಸ್ಸು ಹಿಡಿದು ಬಂದಿದ್ದರು.

ಮುದ್ರಕರನ್ನು ದೂರಿ ಕೈತೊಳೆದುಕೊಳ್ಳಬಹುದಾಗಿತ್ತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಆದರೆ ಮರುದಿನ ಅದೇ ಪಟವನ್ನು ಪೇಟೆಯ ಸ್ಟುಡಿಯೋದವರ ಪರದೆಯ ಮೇಲೆ ತೆರೆದಾಗ ಅಲ್ಲಿಯೂ ಅದು ಕಪ್ಪಾಗಿಯೇ ಕಂಡಿತು. ತಪ್ಪು ನನ್ನದೇ.

ಇದು ಹೇಗಾಯಿತೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪರದೆ ತಾನೇ ಬೆಳಗುತ್ತದೆ; ಕಾಗದ ಕೋಣೆಯ ಬೆಳಕನ್ನು ಎರವಲು ಪಡೆಯುತ್ತದೆ. ಬೆಳಕನ್ನು ಅಳೆಯುವ ಮಾನಕ್ಕೆ ‘ನಿಟ್’ ಎಂದು ಹೆಸರು. ಕಾಗದದ ಮೇಲೆ ಅಚ್ಚಾಗುವ ಪಟವನ್ನು ತಿದ್ದುವವರು ಪರದೆಯನ್ನು ೮೦ರಿಂದ ೧೨೦ ನಿಟ್‌ಗಳಲ್ಲಿ ಇಟ್ಟುಕೊಳ್ಳುತ್ತಾರೆ. ಅಂಗಡಿಯಿಂದ ಬರುವ ಪರದೆಗಳಾದರೋ ೨೫೦, ೩೦೦ ನಿಟ್‌ಗಳವರೆಗೆ ಏರಬಲ್ಲವು. ಕತ್ತಲ ಕೋಣೆಯಲ್ಲಿ ಅಷ್ಟು ಬೆಳಕಿನ ಮುಂದೆ ಕುಳಿತವನಿಗೆ ಎಂಥ ಮಬ್ಬು ಪಟವೂ ಬೆಳ್ಳಗೇ ಕಾಣುತ್ತದೆ. ಹೆಚ್ಚು ಬೆಳ್ಳಗಾಯಿತೆಂದು ಅವನು ಇನ್ನಷ್ಟು ಕಪ್ಪು ಬೆರೆಸುತ್ತಾನೆ. ಅದು ಸಾಲದೆಂಬಂತೆ ಅಚ್ಚಿನ ಮಸಿ ಕಾಗದದಲ್ಲಿ ಹರಡಿ ಚುಕ್ಕೆಗಳನ್ನು ದಪ್ಪ ಮಾಡುತ್ತದೆ. ನಾನು ಮಾಡಿದ್ದು ಇದನ್ನೇ. ಕಾಮಾಲೆಯ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಹಳೆಯದು. ಬೆಳಕು ಹೆಚ್ಚಾದ ಪರದೆಗೆ ಕಂಡದ್ದೆಲ್ಲ ಬೆಳ್ಳಗೆ ಎಂದು ಅದರ ಪಕ್ಕದಲ್ಲಿ ಬರೆದುಕೊಳ್ಳಬಹುದು.

ಆದುದರಿಂದ, ಓದುಗರೆ, ಪಟ ತಿದ್ದುವ ಯಂತ್ರವನ್ನು ಕೊಳ್ಳಹೊರಟವರು ಮೊದಲು ನೋಡಬೇಕಾದದ್ದು ಪೆಟ್ಟಿಗೆಯನ್ನಲ್ಲ, ಪರದೆಯನ್ನು. ಅಂಗಡಿಯವರು ಇದನ್ನು ಮಾನಿಟರು ಎನ್ನುತ್ತಾರೆ. ನಮ್ಮ ಶಾಲೆಗಳಲ್ಲಿ ಮಾನಿಟರೆಂದರೆ, ಮೇಷ್ಟ್ರು ಇಲ್ಲದಾಗ ಗದ್ದಲ ಮಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವ ಹುಡುಗ. ಅವನು ಪಕ್ಷಪಾತಿಯಾದರೆ ಮೇಷ್ಟ್ರ ಬೆತ್ತ ತಪ್ಪಿದ ಬೆನ್ನಿನ ಮೇಲೆ ಬೀಳುತ್ತದೆ. ಪರದೆಯ ಮಾನಿಟರಿನ ಸ್ವಭಾವವೂ ಇದೇ.

ಪರದೆಯ ಒಂದೊಂದು ಚುಕ್ಕೆಯಲ್ಲಿಯೂ ಕೆಂಪು, ಹಸುರು, ನೀಲಿ ಎಂಬ ಮೂರು ಕಿರುದೀಪಗಳಿವೆಯೆಂದು ತಿಳಿಯಿರಿ. ಈ ಮೂರರಿಂದಲೇ ಉಳಿದ ಬಣ್ಣಗಳನ್ನು ಹುಟ್ಟಿಸಬಹುದೆಂದು ೧೮೬೧ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಬಣ್ಣದ ಪಟ್ಟಿಯ ಮೂರು ಛಾಯಾಚಿತ್ರಗಳನ್ನು ಒಂದರ ಮೇಲೊಂದು ಬೆಳಗಿಸಿ ತೋರಿಸಿದನು. ಇಂದಿನ ಸಾಮಾನ್ಯ ಪರದೆಯಲ್ಲಿ ಒಂದೊಂದು ದೀಪಕ್ಕೂ ೨೫೬ ಮೆಟ್ಟಿಲು. ಮೂರನ್ನೂ ಗುಣಿಸಿದರೆ ೧,೬೭,೭೭,೨೧೬ ಬಣ್ಣಗಳು. ಹತ್ತು ಬಿಟ್ಟಿನ ಪರದೆಯಾದರೆ ಮೆಟ್ಟಿಲು ೧೦೨೪. ಬಣ್ಣಗಳು ನೂರು ಕೋಟಿಯನ್ನು ದಾಟುತ್ತವೆ. ಸಂಜೆಯ ಆಕಾಶದಂಥ ಹದವಾದ ಇಳಿಜಾರು ಬಣ್ಣದಲ್ಲಿ ಪಟ್ಟೆ ಪಟ್ಟೆ ಕಾಣದಿರಲು ಇದು ಒಳ್ಳೆಯದು. ಇಲ್ಲದಿದ್ದರೂ ಕೆಲಸ ಕೆಡುವುದಿಲ್ಲ.

ಪರದೆಯ ಜಾತಿ ಮುಖ್ಯ. ಟಿ.ಎನ್. ಎಂಬ ಜಾತಿ ಅಗ್ಗದ್ದು. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಅದೇ. ಮುಚ್ಚಳವನ್ನು ನಾಲ್ಕು ಬೆರಳು ಹಿಂದಕ್ಕೆ ಮುಂದಕ್ಕೆ ಬಾಗಿಸಿದರೆ ಹುಡುಗನ ಮುಖ ಒಮ್ಮೆ ಬೆಳ್ಳಗಾಗುತ್ತದೆ, ಒಮ್ಮೆ ಕಪ್ಪಾಗುತ್ತದೆ. ಯಾವುದು ನಿಜವೆಂದು ಹೇಳುವವರಿಲ್ಲ. ವಿ.ಎ. ಎಂಬುದರಲ್ಲಿ ಕಪ್ಪು ಚೆನ್ನಾದ ಕಪ್ಪು, ಆದರೆ ತಲೆಯನ್ನು ಅತ್ತಿತ್ತ ಸರಿಸಿದರೆ ನೆರಳಿನ ಭಾಗ ಬದಲಾಗುತ್ತದೆ. ಐ.ಪಿ.ಎಸ್. ಎಂಬುದು ೧೯೯೬ರಲ್ಲಿ ಜಪಾನಿನ ಹಿಟಾಚಿಯವರು ಹೊರತಂದದ್ದು. ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಕದಲುವುದಿಲ್ಲ. ಪಟದ ಕೆಲಸಕ್ಕೆ ಇದನ್ನೇ ಆರಿಸಿಕೊಳ್ಳಿ. ಓ.ಎಲ್.ಇ.ಡಿ. ಎಂಬುದರ ಕಪ್ಪಿಗೆ ಸಮನಾದ ಕಪ್ಪಿಲ್ಲ, ನಿಜ. ಆದರೆ ಒಂದೇ ಚಿತ್ರ, ಒಂದೇ ಉಪಕರಣಪಟ್ಟಿ ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಅದರ ಕಲೆ ಕಾಯಮ್ಮಾಗಿ ಉಳಿಯುವ ಭಯವುಂಟು. ಪಟ ತಿದ್ದುವವನ ಪರದೆಯ ಮೇಲೆ ಉಪಕರಣಪಟ್ಟಿ ನಿಂತೇ ಇರುತ್ತದೆ.

ಇನ್ನು ಬಣ್ಣದ ಹರವು. ಎಸ್.ಆರ್.ಜಿ.ಬಿ. ಎಂಬುದೊಂದು ಮೇರೆಯನ್ನು ೧೯೯೬ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಮತ್ತು ಮೈಕ್ರೋಸಾಫ್ಟ್ ಕೂಡಿ ಗೊತ್ತುಮಾಡಿದವು. ಜಾಲತಾಣ, ಫೋನು, ಊರಿನ ಲ್ಯಾಬಿನ ಪ್ರಿಂಟು ಇವೆಲ್ಲ ಹೆಚ್ಚಾಗಿ ಈ ಮೇರೆಯೊಳಗೇ ನಡೆಯುತ್ತವೆ. ಪರದೆಯ ವಿವರದಲ್ಲಿ ‘ಎಸ್.ಆರ್.ಜಿ.ಬಿ. ನೂರಕ್ಕೆ ೯೯ ಅಥವಾ ೧೦೦’ ಎಂದಿದ್ದರೆ ಗೃಹಸ್ಥನಿಗೆ ಸಾಕು. ಅಡೋಬಿ ಆರ್.ಜಿ.ಬಿ. ಎಂಬ ಇನ್ನೂ ದೊಡ್ಡ ಹರವು ೧೯೯೮ರದು. ಮನೆಯಲ್ಲಿಯೇ ಒಳ್ಳೆಯ ಇಂಕ್‌ಜೆಟ್ಟಿನಲ್ಲಿ ದೊಡ್ಡ ಪಟಗಳನ್ನು ತೆಗೆಯುವವರಿಗೆ ಅದರ ಹಸುರು ನೀಲಿಗಳು ಉಪಯೋಗಕ್ಕೆ ಬರುತ್ತವೆ. ಹೆಚ್ಚು ಹರವೆಂದರೆ ಹೆಚ್ಚು ನಿಜವೆಂದು ಭ್ರಮಿಸಬೇಡಿ. ಬಣ್ಣದ ಲೆಕ್ಕವನ್ನು ಅರಿಯದ ತಂತ್ರಾಂಶವನ್ನು ಅಗಲ ಹರವಿನ ಪರದೆಯಲ್ಲಿ ತೆರೆದರೆ ಮದುವಣಗಿತ್ತಿಯ ಕೆನ್ನೆ ಕುಂಕುಮ ಬಳಿದಂತಾಗುತ್ತದೆ. ವಿವರದಲ್ಲಿ ‘ಡೆಲ್ಟಾ ಇ ೨ಕ್ಕಿಂತ ಕಡಮೆ’ ಎಂಬ ಮಾತಿದೆಯೇ ನೋಡಿ. ಇರಬೇಕಾದ ಬಣ್ಣಕ್ಕೂ ಕಾಣುವ ಬಣ್ಣಕ್ಕೂ ಇರುವ ಅಂತರದ ಅಳತೆ ಅದು, ಕಡಮೆಯಾದಷ್ಟೂ ಒಳ್ಳೆಯದು. ಅಸುಸ್‌ನವರ ಪ್ರೋಆರ್ಟ್, ಡೆಲ್‌ನವರ ಅಲ್ಟ್ರಾಶಾರ್ಪ್, ಬೆನ್‌ಕ್ಯೂ ಕಂಪನಿಯ ಛಾಯಾಚಿತ್ರಗಾರರ ಸಾಲು ಇವು ಮಧ್ಯಮ ತರಗತಿಯವರು ವಿಚಾರಿಸತಕ್ಕವು. ಜಪಾನಿನ ಐಜೋ ಕಂಪನಿಯ ಕಲರ್‌ಎಡ್ಜ್ ಕಸುಬಿನವರ ಪರದೆ. ಅದರ ಬೆಲೆ ಕೇಳಿ ನಾನು ನೀರು ಕುಡಿದೆ.

ಅಳತೆ ಎಷ್ಟಿರಬೇಕು? ೨೪ ಅಂಗುಲ ಸಾಕು, ೨೭ ಸುಖ. ಆದರೆ ೨೭ ಅಂಗುಲದಲ್ಲಿ ೧೯೨೦ಕ್ಕೆ ೧೦೮೦ ಚುಕ್ಕೆಗಳ ಪರದೆಯನ್ನು ಮಾತ್ರ ತರಬೇಡಿ. ಅಂಗುಲಕ್ಕೆ ಸುಮಾರು ೮೨ ಚುಕ್ಕೆ ಬೀಳುತ್ತದೆ, ಒರಟು ಖಾದಿಯ ಮೇಲೆ ಕಸೂತಿ ಹಾಕಿದಂತೆ. ೨೫೬೦ಕ್ಕೆ ೧೪೪೦ ಆದರೆ ಅಂಗುಲಕ್ಕೆ ೧೦೯. ೪ಕೆ ಎನ್ನುವುದಾದರೆ ೧೬೩. ಬಹು ನವಿರು, ಆದರೆ ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳದೆ ನನ್ನ ವಯಸ್ಸಿನವರು ಓದಲಾರರು. ಸೆಕೆಂಡಿಗೆ ೧೪೪ ಸಲ ಮಿಡಿಯುತ್ತದೆ, ಎಚ್.ಡಿ.ಆರ್. ಇದೆ ಎಂದೆಲ್ಲ ಅಂಗಡಿಯವರು ಹೇಳುವುದು ಆಟ ಆಡುವವರಿಗೆ, ಸಿನಿಮಾ ನೋಡುವವರಿಗೆ. ೧೯೫೮ರ ತರಗತಿಯ ಹುಡುಗರು ಸುಮ್ಮನೆ ಕುಳಿತಿದ್ದಾರೆ, ಅವರಿಗೆ ೬೦ ಸಾಕು.

ಒಳ್ಳೆಯ ಪರದೆಯನ್ನು ತಂದಿಟ್ಟ ಮಾತ್ರಕ್ಕೆ ಅದು ನಿಜ ನುಡಿಯುತ್ತದೆಂದಲ್ಲ. ತಕ್ಕಡಿಯನ್ನು ವರ್ಷಕ್ಕೊಮ್ಮೆ ಮುದ್ರೆ ಹಾಕಿಸುವ ಹಾಗೆ ಇದನ್ನೂ ಅಳೆಯಿಸಬೇಕು. ಅದಕ್ಕೆ ಕಲರಿಮೀಟರ್ ಎಂಬ, ಅಂಗೈಯಲ್ಲಿ ಅಡಗುವ ಉಪಕರಣವುಂಟು. ಕ್ಯಾಲಿಬ್ರೈಟ್, ಸ್ಪೈಡರ್ ಎಂಬ ಹೆಸರಿನವು ದೊರೆಯುತ್ತವೆ. ಪರದೆ ಅರ್ಧ ಗಂಟೆ ಉರಿದು ಕಾವೇರಿದ ಮೇಲೆ ಇದನ್ನು ಅದರ ಎದೆಗೆ ತೂಗಹಾಕಿದರೆ, ವೈದ್ಯರ ಸ್ಟೆತಾಸ್ಕೋಪಿನಂತೆ ಅಲ್ಲಿಯ ಸಂಗತಿಯನ್ನೆಲ್ಲ ತಿಳಿದು, ಆ ಪರದೆಗೆಂದೇ ಒಂದು ತಿದ್ದುಪಡಿಯ ಕಡತವನ್ನು ಬರೆದುಕೊಡುತ್ತದೆ. ಬೆಳಕು ೧೦೦ ನಿಟ್‌ನ ಆಸುಪಾಸು, ಬಿಳುಪು ೬೫೦೦ ಕೆಲ್ವಿನ್, ಗಾಮಾ ೨.೨: ಈ ಮೂರು ಅಂಕಿಗಳನ್ನು ಬರೆದಿಟ್ಟುಕೊಂಡರೆ ಸಾಕು. ಉಪಕರಣದ ಬೆಲೆ ಹಗುರವಲ್ಲ. ನಾವು ನಾಲ್ವರು, ಒಬ್ಬ ಸ್ಟುಡಿಯೋದವರು, ಇಬ್ಬರು ಮೇಷ್ಟ್ರುಗಳು, ಒಬ್ಬ ಪಶುವೈದ್ಯರು, ಸೇರಿ ಒಂದನ್ನು ಕೊಂಡು ತಿಂಗಳಿಗೊಮ್ಮೆ ಮನೆಯಿಂದ ಮನೆಗೆ ಸಾಗಿಸುತ್ತೇವೆ. ಹಿಂದೆ ಬೀದಿಗೊಂದು ಶ್ಯಾವಿಗೆ ಒರಳು ಇರುತ್ತಿರಲಿಲ್ಲವೆ, ಹಾಗೆ.

ಕಣ್ಣಿಗೆ ಹಿತವೆಂದು ಸಂಜೆಯಾದ ಕೂಡಲೆ ಪರದೆಯನ್ನು ಹಳದಿ ಮಾಡುವ ‘ನೈಟ್ ಲೈಟ್’ ಎಂಬುದೊಂದಿದೆ. ತಿದ್ದುವಾಗ ಅದನ್ನು ಆರಿಸಿ. ಕೋಣೆಯ ಗೋಡೆ ಮಾಸಲು ಬೂದಿಯಾಗಿದ್ದರೆ ಉತ್ತಮ. ನನ್ನದು ಗಿಳಿಹಸುರು, ಅದನ್ನು ಬದಲಾಯಿಸಲು ಮನೆಯವರು ಒಪ್ಪಲಿಲ್ಲವಾಗಿ ಪರದೆಯ ಹಿಂದೆ ಬೂದಿಬಣ್ಣದ ಬಟ್ಟೆಯೊಂದನ್ನು ಕಟ್ಟಿದ್ದೇನೆ. ಕಿಟಕಿ ಬೆನ್ನ ಹಿಂದೆ ಇರಬಾರದು. ಬಿಳಿಯ ಶರ್ಟು ತೊಟ್ಟು ಕುಳಿತರೆ ಅದೇ ಪರದೆಯಲ್ಲಿ ಮೂಡಿ ಕಪ್ಪನ್ನು ಕದಡುತ್ತದೆ ಎಂಬುದು ನಾನಾಗಿಯೇ ಕಂಡುಕೊಂಡ ಸಂಗತಿ. ಇನ್ನೂ ಒಂದು ಪರದೆ ನಮ್ಮ ಕಣ್ಣಿನೊಳಗೇ ಇದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ. ಫ್ರಾನ್ಸಿನ ಚಿತ್ರಕಾರ ಮೋನೆಗೆ ಪೊರೆ ಬಂದು, ಅವನ ಕೊಳದ ಚಿತ್ರಗಳೆಲ್ಲ ಕೆಂಪು ಕಂದುಗಳಿಗೆ ತಿರುಗಿದ್ದವು. ೧೯೨೩ರಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆಯೇ ಅವನಿಗೆ ನೀಲಿ ಮತ್ತೆ ಕಂಡದ್ದು. ಐವತ್ತು ದಾಟಿದವರು ಬಣ್ಣದ ವಿಷಯದಲ್ಲಿ ಹಟ ಹಿಡಿಯದೆ ಮನೆಯ ಹುಡುಗರನ್ನು ಒಮ್ಮೆ ಕರೆದು ತೋರಿಸುವುದು ಲೇಸು.

ಈಗ ಪೆಟ್ಟಿಗೆಯ ಮಾತು. ಇದರಲ್ಲಿ ಮೊದಲ ಮನ್ನಣೆ ಜ್ಞಾಪಕಕ್ಕೆ, ಎಂದರೆ ರ‍್ಯಾಮ್‌ಗೆ. ಏಕೆಂದು ಲೆಕ್ಕ ಹಾಕಿ ನೋಡಿ. ೮ ಅಂಗುಲ ೧೦ ಅಂಗುಲದ ಒಂದು ಪಟವನ್ನು ಅಂಗುಲಕ್ಕೆ ೬೦೦ ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ೪೮೦೦ಕ್ಕೆ ೬೦೦೦, ಅಂದರೆ ೨ ಕೋಟಿ ೮೮ ಲಕ್ಷ ಚುಕ್ಕೆ. ಒಂದೊಂದಕ್ಕೂ ಮೂರು ಬಣ್ಣ, ಬಣ್ಣಕ್ಕೆ ೧೬ ಬಿಟ್ಟು ಎಂದರೆ ಎರಡೆರಡು ಬೈಟು. ಒಟ್ಟು ೧೭ ಕೋಟಿ ಬೈಟಿಗೂ ಮಿಗಿಲು, ಸುಮಾರು ೧೭೩ ಎಂ.ಬಿ. ತಿದ್ದುವಾಗ ಮೂಲದ ಮೇಲೆ ಪದರ, ಅದರ ಮೇಲೆ ಪದರ. ಆರು ಪದರವಾದರೆ ಒಂದು ಜಿ.ಬಿ. ದಾಟಿತು. ಹಿಂದಿನ ಹೆಜ್ಜೆಗಳನ್ನು ನೆನಪಿಡುವುದು ಬೇರೆ. ಕಪ್ಪು ಬಿಳುಪಿನ ಪಟಕ್ಕೆ ಬಣ್ಣದ ಸ್ಕ್ಯಾನ್ ಏಕೆಂದು ಕೇಳಬೇಡಿ. ಹಳದಿ ಕಂದು ಕಲೆಗಳು ನೀಲಿಯ ಪದರದಲ್ಲಿ ಎದ್ದು ಕಾಣುತ್ತವೆ, ಕೆಂಪಿನ ಪದರದಲ್ಲಿ ಬಹುಮಟ್ಟಿಗೆ ಮಾಯವಾಗುತ್ತವೆ. ಕಲೆ ತೆಗೆಯುವ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ಹೀಗಾಗಿ ೧೬ ಜಿ.ಬಿ.ಗಿಂತ ಕಡಮೆ ಬೇಡ, ೩೨ ಇದ್ದರೆ ನಿಶ್ಚಿಂತೆ. ಈಗ ೧೬ ಹಾಕಿಸಿದರೂ ಮುಂದೆ ಸೇರಿಸಲು ಜಾಗವಿದೆಯೇ ಎಂದು ಕೇಳಿ. ಆಪಲ್‌ನವರ ಮ್ಯಾಕ್ ಮಿನಿ ಎಂಬ ಪುಟ್ಟ ಪೆಟ್ಟಿಗೆ ಈ ಕೆಲಸಕ್ಕೆ ಬಹಳ ಸಮರ್ಥ. ೨೦೨೪ರ ಮಾದರಿ ೧೬ ಜಿ.ಬಿ.ಯಿಂದಲೇ ಆರಂಭವಾಗುತ್ತದೆ. ಆದರೆ ಕೊಂಡ ಮೇಲೆ ಅದರ ಜ್ಞಾಪಕವನ್ನು ಹೆಚ್ಚಿಸಲಾಗದು. ಹಾಸಿಗೆ ಮೊದಲೇ ಅಳೆದು ಹೊಲಿಸಬೇಕು.

ಮೆದುಳು ಎಂದರೆ ಪ್ರೊಸೆಸರು. ಇತ್ತೀಚಿನ ಪೀಳಿಗೆಯ, ಆರು ಅಥವಾ ಎಂಟು ಕೋರಿನ ನಡುತರಗತಿಯದು ಸಾಕು. ಅತ್ಯುನ್ನತವಾದುದಕ್ಕೆ ಕೊಡುವ ಹಣ ಪರದೆಗೆ ಸಲ್ಲಲಿ. ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕು ಸೆಕೆಂಡಿಗೆ ನೂರೈವತ್ತು ಇನ್ನೂರು ಎಂ.ಬಿ. ಓದಿದರೆ, ಎನ್.ವಿ.ಎಂ.ಇ. ಎಂಬ ಎಸ್.ಎಸ್.ಡಿ. ಸಾವಿರಗಟ್ಟಲೆ ಓದುತ್ತದೆ. ಕೆಲಸಕ್ಕೆ ಇದು, ಶೇಖರಣೆಗೆ ಅದು. ಬೇರೆ ಗ್ರಾಫಿಕ್ಸ್ ಕಾರ್ಡು ಬೇಕೇ? ಕಲೆ ತೆಗೆಯುವುದಕ್ಕೆ, ಬೆಳಕು ನೆರಳು ಸರಿಮಾಡುವುದಕ್ಕೆ ಬೇಡ. ಕ್ಯಾಮರಾದ ಕಚ್ಚಾ ಕಡತಗಳಿಂದ ಕಾಳನ್ನು ತೆಗೆಯುವ ಹೊಸ ಬುದ್ಧಿಯಂತ್ರದ ಉಪಾಯಗಳನ್ನು ದಿನವೂ ಬಳಸುವವರಿಗೆ ಮಾತ್ರ ೮ ಜಿ.ಬಿ. ಸ್ವಂತ ಜ್ಞಾಪಕವುಳ್ಳ ಕಾರ್ಡು ಬಹಳ ಹೊತ್ತನ್ನು ಉಳಿಸುತ್ತದೆ.

ಬುದ್ಧಿಯಂತ್ರದ ಮಾತು ಬಂದುದರಿಂದ ಒಂದು ಪ್ರಸಂಗ. ಆ ವೃದ್ಧರ ಪಟದ ಸಂಗತಿಯನ್ನು ತಿಳಿದ ಹತ್ತನೆಯ ತರಗತಿಯ ಹುಡುಗನೊಬ್ಬ “ಇಷ್ಟಕ್ಕೆ ಯಂತ್ರವೇಕೆ ಸಾರ್?” ಎಂದು ತನ್ನ ಅಕ್ಕನ ಫೋನಿನಲ್ಲಿಯೇ ಗುಂಡಿಯೊತ್ತಿ ಮಸಿಯ ಮುದ್ದೆಯಿಂದ ಒಂದು ಮುಖವನ್ನು ಹೊರಡಿಸಿಕೊಟ್ಟ. ಕಣ್ಣು, ಹುಬ್ಬು, ಕೂದಲಿನ ಎಳೆ ಎಲ್ಲ ಸ್ಫುಟ. ಅದನ್ನು ಅವರಿಗೆ ಕಳುಹಿಸಿದೆವು. ಸಂಜೆ ಫೋನು ಬಂತು. “ಹುಡುಗ ಲಕ್ಷಣವಾಗಿದ್ದಾನೆ ಮೇಷ್ಟ್ರೇ. ಆದರೆ ಇವನು ನಮ್ಮಣ್ಣ ಅಲ್ಲ.” ಯಂತ್ರವು ಇಲ್ಲದ್ದನ್ನು ಊಹಿಸಿ ತುಂಬಿತ್ತು. ಹಸ್ತಪ್ರತಿಯಲ್ಲಿ ಹುಳು ತಿಂದ ಜಾಗಕ್ಕೆ ತನ್ನ ಪದವನ್ನು ಸೇರಿಸಿ, ಕವಿಯದೆಂದು ಅಚ್ಚು ಹಾಕುವ ಸಂಪಾದಕನಂತೆ. ಲೋಪವಿದ್ದಲ್ಲಿ ಲೋಪವೆಂದೇ ಬಿಡಬೇಕೆಂದು ಗುರುಗಳು ನಮಗೆ ಕಲಿಸಿದ್ದರು. ಇರುವುದನ್ನು ಕಾಣಿಸುವುದಷ್ಟೇ ನನ್ನ ಕೆಲಸವೆಂದು ಅಂದು ನಿಶ್ಚಯಿಸಿಕೊಂಡೆ.

ತಂತ್ರಾಂಶಕ್ಕೆ ದುಡ್ಡು ಕೊಡಲೇಬೇಕೆಂದಿಲ್ಲ. ಫೋಟೋಶಾಪು ೧೯೯೦ರಿಂದ ಹೆಸರಾದದ್ದು, ಈಗ ಬಾಡಿಗೆಯ ಲೆಕ್ಕದಲ್ಲಿ ಸಿಗುತ್ತದೆ. ಗಿಂಪ್, ಡಾರ್ಕ್‌ಟೇಬಲ್ ಎಂಬವು ಬಿಟ್ಟಿ. ನನ್ನ ಕೆಲಸವೆಲ್ಲ ಗಿಂಪಿನಲ್ಲಿಯೇ ನಡೆದದ್ದು.

ಕೊಳ್ಳಲು ನಾನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಅಲ್ಲಿಯ ಒಂದು ಅಂಗಡಿಯಲ್ಲಿ ಒಳಗೆಲ್ಲ ಕೆಂಪು ನೀಲಿ ದೀಪಗಳು ಕುಣಿಯುವ, ಜಾತ್ರೆಯ ತೇರಿನಂಥ ಪೆಟ್ಟಿಗೆಯನ್ನು ಮುಂದಿಟ್ಟರು. ದೀಪ ಬೇಡವೆಂದರೆ ನಂಬಲೊಲ್ಲರು. ಹೋಗುವಾಗ ಪೆನ್ ಡ್ರೈವಿನಲ್ಲಿ ನಿಮ್ಮ ಮೂರು ನಾಲ್ಕು ಪಟಗಳನ್ನು ಕೊಂಡೊಯ್ಯಿರಿ: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಮುಖ, ಕಪ್ಪಿನಿಂದ ಬಿಳುಪಿನವರೆಗೆ ಹದವಾಗಿ ಇಳಿಯುವ ಒಂದು ಪಟ್ಟಿ, ಬರಿಯ ಬೂದಿಬಣ್ಣದ ಒಂದು ಹಾಳೆ. ಪಟ್ಟಿಯ ಕಪ್ಪು ತುದಿಯ ಮೆಟ್ಟಿಲುಗಳು ಬೇರೆ ಬೇರೆಯಾಗಿ ಕಂಡರೆ ಸರಿ. ಒಂದಕ್ಕೊಂದು ಅಂಟಿಕೊಂಡರೆ ಆ ಪರದೆ ಬೇಡ. ಬೂದಿಯ ಹಾಳೆ ಒಂದು ಮೂಲೆಯಲ್ಲಿ ಕೆಂಪು, ಇನ್ನೊಂದರಲ್ಲಿ ಹಸುರು ಕಂಡರೆ ಅದೂ ಬೇಡ. ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆ ಕೊಳ್ಳುವವರು ಅದರಲ್ಲಿ ವಿಂಡೋಸ್ ೧೧ ನಡೆಯುತ್ತದೆಯೇ ಎಂದು ಕೇಳಬೇಕು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ನಾನು ತಂದದ್ದು ೨೪ ಅಂಗುಲದ ಐ.ಪಿ.ಎಸ್. ಪರದೆ, ದೀಪವಿಲ್ಲದ ಕರಿಯ ಪೆಟ್ಟಿಗೆ, ೩೨ ಜಿ.ಬಿ. ಜ್ಞಾಪಕ. ಕೊಟ್ಟ ಹಣದಲ್ಲಿ ಮೂರನೆಯ ಒಂದು ಪಾಲು ಪರದೆಗೇ ಹೋಯಿತು. ಜೊತೆಗೊಂದು ಯು.ಪಿ.ಎಸ್.; ನಮ್ಮೂರಿನ ವಿದ್ಯುತ್ತಿನ ವಿಷಯವನ್ನು ಇಲ್ಲಿ ಬೆಳೆಸುವುದು ಬೇಡ. ತಿದ್ದಿದ ಪಟಗಳ ಒಂದು ಪ್ರತಿ ಯಂತ್ರದಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ.

೧೯೫೮ರ ಪಟವನ್ನು ಮೂಲದಿಂದಲೇ ಮತ್ತೆ ಸ್ಕ್ಯಾನ್ ಮಾಡಿದೆ. ಅಳೆದ ಪರದೆಯ ಮೇಲೆ ಅದು ಮೊದಮೊದಲು ಸಪ್ಪೆಯಾಗಿ ಕಂಡಿತು. ಹದಿನೈದು ದಿನ ಕಣ್ಣು ಪಳಗಬೇಕಾಯಿತು. ಆಮೇಲೆ ನೆರಳನ್ನು ಕೂದಲೆಳೆಯಷ್ಟು ಎತ್ತುತ್ತ ಹೋದಂತೆ ಕರಿಯ ಕೋಟುಗಳು ಒಂದರಿಂದೊಂದು ಬೇರೆಯಾದವು, ಹಿಂದಿನ ಸಾಲಿನ ಬಾಗಿಲಿನ ಚೌಕಟ್ಟು ಕಂಡಿತು. ಮೂರನೆಯ ಹುಡುಗನ ಮುಖ ಸ್ಫುಟವಾಗಲಿಲ್ಲ. ಪಟ ತೆಗೆಯುವಾಗ ಅವನು ತುಸು ತಲೆ ತಿರುಗಿಸಿದ್ದಿರಬೇಕು. ಮಬ್ಬು ಮಬ್ಬಾಗಿಯೇ ಒಂದು ಮುಖ, ಅಷ್ಟೆ. ಸ್ಟುಡಿಯೋದಲ್ಲಿ ಪ್ರಿಂಟು ತೆಗೆಸಿ ನಾನೇ ಕೊಂಡೊಯ್ದೆ.

ವೃದ್ಧರು ಅದನ್ನು ಜಗುಲಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮುಖವನ್ನಲ್ಲ, ಕೋಟಿನ ಮೇಲೆ ಬೆರಳಿಟ್ಟರು. “ನೋಡಿ ಮೇಷ್ಟ್ರೇ, ನಡುವಿನ ಗುಂಡಿ ಇಲ್ಲ. ಅದನ್ನು ಕಿತ್ತು ಗೋಲಿಯಾಟದಲ್ಲಿ ಪಣಕ್ಕಿಟ್ಟವನು ನಾನೇ. ಪಟ ತೆಗೆಸೋ ದಿನ ಬೆಳಗ್ಗೆ ಅಮ್ಮ ನನಗೆ ಬಿಟ್ಟಳೇ!” ಎಂದು ನಕ್ಕರು. ಒಳಗಿನಿಂದ ಸೊಸೆಯನ್ನು ಕರೆದು ಅವಳಿಗೂ ಗುಂಡಿಯಿಲ್ಲದ ಜಾಗವನ್ನು ತೋರಿಸಿದರು. ಉಳಿದ ಸಂಪುಟಗಳಿಗೆ ಆ ಒಂದು ಪಟವನ್ನು ಬಿಡಿ ಹಾಳೆಯಾಗಿ ಅಚ್ಚು ಹಾಕಿಸಿ ಅಂಟಿಸುವ ಕೆಲಸ ಈಗ ನಡೆದಿದೆ. ಮಿಕ್ಕ ಹತ್ತೊಂಬತ್ತು ವರ್ಷದ ಪಟಗಳು ಇನ್ನೂ ಬೀರುವಿನಲ್ಲಿವೆ.